ನಮ್ಮ ಬೆರಳು, ನಮ್ಮ ಕಣ್ಣು: ಟಿಬಿ ಬ್ಯಾಕ್ಟೀರಿಯಾದ ಒಂದು ಮೇಲ್ಮೈ ಪ್ರೊಟೀನು ಮತ್ತು ಕಿವುಡಾದ ಒಂದು ಮ್ಯಾಕ್ರೊಫೇಜ್

ಈ ಕೇಸಿನ ಪೇಷಂಟ್ ಒಂದೇ ಒಂದು ಜೀವಕೋಶ. ಶ್ವಾಸಕೋಶದ ಗಾಳಿಚೀಲದೊಳಗೆ ಕಾವಲು ಕೂತಿರೋ ಒಂದು ಮ್ಯಾಕ್ರೊಫೇಜ್, ಧೂಳು, ಸತ್ತ ಕೋಶ, ಕ್ರಿಮಿ, ಏನ್ ಸಿಕ್ಕಿದ್ರೂ ನುಂಗಿ ಅರಗಿಸೋದೇ ಅದರ ಕೆಲಸ. ಟಿಬಿ ಬ್ಯಾಕ್ಟೀರಿಯಾ ಅದರ ಹೊಟ್ಟೆ ಸೇರಿ ಸುಮಾರು ಮೂರು ವಾರ ಆಗಿದೆ. ಸಹಾಯಕ್ಕೆ ಟಿ ಸೆಲ್‌ಗಳು, ಅಂದ್ರೆ ಕ್ರಿಮಿ ವಿರುದ್ಧ ಹೋರಾಡೋ ಒಂದು ಬಗೆಯ ಬಿಳಿ ರಕ್ತಕಣಗಳು ಬಂದಿವೆ, ಪಕ್ಕದಲ್ಲೇ ನಿಂತು ಇಂಟರ್‌ಫೆರಾನ್ ಗಾಮಾ ಅನ್ನೋ ಸಿಗ್ನಲ್ ಸುರೀತಿವೆ, ಆ ಸಿಗ್ನಲ್ ಈ ಕೋಶಕ್ಕೆ ತಲುಪ್ತಾನೂ ಇದೆ, ಆದ್ರೂ ಇದು ಎದ್ದೇಳ್ತಿಲ್ಲ. ಒಳಗೆ ಯಾರಿದ್ದಾರೆ ಅಂತ ಹೊರಗೆ ತೋರಿಸ್ತಿಲ್ಲ. ಯಾಕೆ ಅನ್ನೋದೇ ಕೇಸು.

ಮೊದಲೇ ಹೇಳ್ಬಿಡ್ತೀನಿ, ಇದು ಯಾವ್ದೋ ಒಂದು ಆಸ್ಪತ್ರೆ ಫೈಲಿಂದ ಎತ್ತಿದ್ದಲ್ಲ. 1999ರಿಂದ ಈಚೆಗೆ ಬೇರೆ ಬೇರೆ ಲ್ಯಾಬ್‌ಗಳಲ್ಲಿ ಇಲಿಯ ಮತ್ತು ಮನುಷ್ಯನ ಮ್ಯಾಕ್ರೊಫೇಜ್‌ಗಳ ಮೇಲೆ ನಡೆದ ಪ್ರಯೋಗಗಳನ್ನ ಒಂದೇ ಕೋಶದ ಕತೆಯಾಗಿ ಪೋಣಿಸಿದ್ದೀನಿ, ಯಾಕಂದ್ರೆ ಬಿಡಿಬಿಡಿಯಾಗಿ ಓದಿದಾಗ ನಂಗೆ ಇದು ಅರ್ಥಾನೇ ಆಗಿರ್ಲಿಲ್ಲ. ಒಂದು ಪೇಪರ್ ಓದಿದ್ರೆ ಟಿಬಿ ಬ್ಯಾಕ್ಟೀರಿಯಾದ ಮೈಮೇಲಿರೋ ಒಂದು ಪ್ರೊಟೀನು ಇಮ್ಯುನಿಟಿನ ಎಬ್ಬಿಸತ್ತೆ ಅನ್ನತ್ತೆ, ಇನ್ನೊಂದು ಓದಿದ್ರೆ ಮಲಗಿಸತ್ತೆ ಅನ್ನತ್ತೆ. ಒಂದೇ ಕೋಶವನ್ನ ಹಿಡ್ಕೊಂಡು ದಿನದ ಲೆಕ್ಕದಲ್ಲಿ ನೋಡ್ತಾ ಹೋದಾಗ ಎರಡೂ ನಿಜ ಅಂತ ಗೊತ್ತಾಯ್ತು.

ಪೂರ್ವಕತೆ ಇಷ್ಟು. ರೋಗಿ ಕೆಮ್ಮಿದಾಗ ಗಾಳಿಗೆ ಹಾರೋ ಹನಿ ಒಣಗಿ 1ರಿಂದ 5 ಮೈಕ್ರಾನ್ ಸೈಜಿನ ಕಣ ಆಗತ್ತೆ, ಅದು ಅಷ್ಟು ಸಣ್ಣದಾಗಿರೋದ್ರಿಂದ್ಲೇ ಮೂಗು ಗಂಟಲು ಎಲ್ಲ ದಾಟಿ ಸೀದಾ ಗಾಳಿಚೀಲದ ತನಕ ಹೋಗತ್ತೆ. ಅದರಲ್ಲಿ ಇರೋದು 2ರಿಂದ 4 ಮೈಕ್ರಾನ್ ಉದ್ದದ ಒಂದು ಕಡ್ಡಿ. ರಾಬರ್ಟ್ ಕಾಕ್ 1882ರ ಮಾರ್ಚ್ 24ಕ್ಕೆ ಜಗತ್ತಿಗೆ ತೋರಿಸಿದ್ದು ಇದನ್ನೇ. ಸ್ಲೈಡ್ ಮೇಲೆ ಆಸಿಡ್ ಫಾಸ್ಟ್ ಸ್ಟೇನ್ ಹಾಕಿ ನೋಡಿದ್ರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕೆಂಪು ಕಡ್ಡಿಗಳು, ಕೆಲವು ಸ್ವಲ್ಪ ಬಾಗಿರ್ತವೆ, ಕೆಲವು ಜೊತೆಜೊತೆಯಾಗಿ ಅಂಟ್ಕೊಂಡಿರ್ತವೆ. ಅದರ ಮೈಮೇಲಿರೋ ಮೇಣದಂಥ ಪದರ ಎಷ್ಟು ದಪ್ಪ ಅಂದ್ರೆ ಒಂದ್ಸಲ ಹಿಡಿದ ಕೆಂಪು ಬಣ್ಣವನ್ನ ಆಸಿಡ್ ಹಾಕಿ ತೊಳೆದ್ರೂ ಬಿಡಲ್ಲ.

ಮ್ಯಾಕ್ರೊಫೇಜ್ ಇದನ್ನ ನುಂಗತ್ತೆ. ಸಾಮಾನ್ಯವಾಗಿ ನುಂಗಿದ್ದೆಲ್ಲ ಒಂದು ಚೀಲದಲ್ಲಿರತ್ತೆ, ಆ ಚೀಲ ಹೋಗಿ ಆಸಿಡ್ಡು ಮತ್ತು ಎಂಜೈಮ್ ತುಂಬಿರೋ ಲೈಸೊಸೋಮ್ ಜೊತೆ ಬೆರೆಯತ್ತೆ, ಅಲ್ಲಿಗೆ ಕ್ರಿಮಿ ಕತೆ ಮುಗೀತು. ಟಿಬಿ ಬ್ಯಾಕ್ಟೀರಿಯಾ ಆ ಬೆರೆಯೋದನ್ನೇ ತಡೆಯತ್ತೆ, ಅದಕ್ಕೆ ಅದರ ಹತ್ರ ಬೇರೆ ಆಯುಧಗಳಿವೆ, ಅದು ಬೇರೆಯದೇ ಕತೆ. ಇಲ್ಲಿ ನಮಗೆ ಬೇಕಾಗಿರೋದು ಅದು ಬದುಕಿ ಉಳೀತು ಅನ್ನೋದು, ಮತ್ತೆ ನಿಧಾನವಾಗಿ ಬೆಳೀತಿದೆ ಅನ್ನೋದು. ಇ ಕೊಲೈ ಚೆನ್ನಾಗಿ ಊಟ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗತ್ತೆ, ಇದಕ್ಕೆ ಸುಮಾರು 18ರಿಂದ 24 ಗಂಟೆ ಬೇಕು. ಈ ನಿಧಾನ ನೆನಪಿಟ್ಕೊಳ್ಳಿ, ಇಡೀ ಕೇಸು ಟೈಮಿನ ಮೇಲೇ ನಿಂತಿದೆ.

ಟಿ ಸೆಲ್‌ಗಳೂ ತಡವಾಗೇ ಬರೋದು. ಇಲಿಗಳಿಗೆ ಉಸಿರಿನ ಮೂಲಕ ಕಮ್ಮಿ ಡೋಸಲ್ಲಿ ಸೋಂಕು ಕೊಟ್ಟು ನೋಡಿದಾಗ, ಲಿಂಫ್ ಗಂಟಲ್ಲಿ ಟಿ ಸೆಲ್‌ಗಳಿಗೆ ಸುದ್ದಿ ಮುಟ್ಟೋಕೇ ಒಂದು ವಾರದ ಮೇಲಾಗತ್ತೆ, ಅವು ಶ್ವಾಸಕೋಶಕ್ಕೆ ಬಂದು ಇಳಿಯೋಕೆ ಎರಡು ಮೂರು ವಾರ. ಮನುಷ್ಯರಲ್ಲಿ ಟ್ಯೂಬರ್ಕ್ಯುಲಿನ್ ಚರ್ಮದ ಟೆಸ್ಟ್ ಪಾಸಿಟಿವ್ ಆಗೋಕೆ ಸೋಂಕಾಗಿ 2ರಿಂದ 8 ವಾರ ಹಿಡಿಯತ್ತೆ. ಅಷ್ಟು ದಿನ ಈ ಮ್ಯಾಕ್ರೊಫೇಜ್ ಒಂಟಿಯಾಗಿ ಆ ಬ್ಯಾಕ್ಟೀರಿಯಾ ಜೊತೆ ಇರತ್ತೆ, ಮತ್ತೆ ಆ ಬ್ಯಾಕ್ಟೀರಿಯಾದ ಮೈಮೇಲಿರೋದೆಲ್ಲ ದಿನವಿಡೀ ಈ ಕೋಶಕ್ಕೆ ತಾಗ್ತಾನೇ ಇರತ್ತೆ.

ಈಗ ಕಂಪ್ಲೇಂಟಿಗೆ ಬರೋಣ. ಸಿಡಿ4 ಅನ್ನೋ ಬಗೆಯ ಟಿ ಸೆಲ್‌ಗೆ ತಾನಾಗೇ ಕ್ರಿಮಿ ಕಾಣಲ್ಲ. ಮ್ಯಾಕ್ರೊಫೇಜ್ ಕ್ರಿಮಿಯ ಪ್ರೊಟೀನನ್ನ ಚೂರು ಚೂರು ಮಾಡಿ, ಎಂಎಚ್‌ಸಿ-2 ಅನ್ನೋ ಒಂದು ಹಿಡಿಕೆ ಮೇಲಿಟ್ಟು, ತನ್ನ ಮೈ ಹೊರಗೆ ಚಾಚಿ ತೋರಿಸ್ಬೇಕು. ಆ ಚೂರನ್ನ ನೋಡಿದ ಟಿ ಸೆಲ್ ಇಂಟರ್‌ಫೆರಾನ್ ಗಾಮಾ ಬಿಡತ್ತೆ, ಅದು ತಾಗಿದ ಮ್ಯಾಕ್ರೊಫೇಜ್ ಇನ್ನೂ ಜಾಸ್ತಿ ಎಂಎಚ್‌ಸಿ-2 ಕಟ್ಟಿ ಇನ್ನೂ ಜಾಸ್ತಿ ಚೂರು ತೋರಿಸತ್ತೆ, ಜೊತೆಗೆ ಒಳಗಿನ ಕೊಲ್ಲೋ ಯಂತ್ರ ಎಲ್ಲ ಚಾಲೂ ಮಾಡತ್ತೆ. ಒಬ್ಬರನ್ನೊಬ್ಬರು ಹುರಿದುಂಬಿಸೋ ಚಕ್ರ ಇದು. ಈ ಚಕ್ರ ಎಷ್ಟು ಮುಖ್ಯ ಅನ್ನೋದಕ್ಕೆ ಮನುಷ್ಯರಲ್ಲೇ ಸಾಕ್ಷಿ ಇದೆ, ಇಂಟರ್‌ಫೆರಾನ್ ಗಾಮಾ ಅಥವಾ ಐಎಲ್-12 ಅನ್ನೋ ಇನ್ನೊಂದು ಸಿಗ್ನಲ್ಲಿನ ದಾರಿಯಲ್ಲಿ ಹುಟ್ಟಿನಿಂದ ದೋಷ ಇರೋ ಮಕ್ಕಳಿಗೆ ಸಾಮಾನ್ಯರಿಗೆ ಏನೂ ಮಾಡದ ಮೈಕೊಬ್ಯಾಕ್ಟೀರಿಯಾ ಕೂಡ ಜೀವಕ್ಕೆ ಕುತ್ತು ತರತ್ತೆ, ಎಚ್‌ಐವಿಯಿಂದ ಸಿಡಿ4 ಸೆಲ್ ಕಮ್ಮಿ ಆದವರಲ್ಲಿ ಟಿಬಿ ಎಷ್ಟು ಬೇಗ ತಲೆ ಎತ್ತತ್ತೆ ಅನ್ನೋದಂತೂ ಎಲ್ಲರಿಗೂ ಗೊತ್ತು. 2013ರಲ್ಲಿ ಬಂದ ಒಂದು ಇಲಿ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಒಂದೇ ಇಲಿಯೊಳಗೆ ಎಂಎಚ್‌ಸಿ-2 ಇರೋ ಮ್ಯಾಕ್ರೊಫೇಜ್‌ಗಳೂ ಇಲ್ಲದವೂ ಬೆರೆತಿರೋ ಹಾಗೆ ಮಾಡಿ ಸೋಂಕು ಕೊಟ್ಟು ನೋಡಿದ್ರು. ಅಕ್ಕಪಕ್ಕದಲ್ಲಿ ಇಂಟರ್‌ಫೆರಾನ್ ಎಷ್ಟೇ ಹರಿದಾಡಿದ್ರೂ, ಎಂಎಚ್‌ಸಿ-2 ಇಲ್ಲದ ಕೋಶದೊಳಗಿನ ಬ್ಯಾಕ್ಟೀರಿಯಾ ಅಷ್ಟಾಗಿ ಹತೋಟಿಗೆ ಬರ್ಲಿಲ್ಲ. ಟಿ ಸೆಲ್ ಆ ಸೋಂಕಾದ ಕೋಶವನ್ನೇ ನೇರವಾಗಿ ಗುರುತಿಸ್ಬೇಕು.

ಹಾಗಿದ್ಮೇಲೆ ನಮ್ಮ ಪೇಷಂಟ್ ಎಂಎಚ್‌ಸಿ-2 ಏರಿಸ್ತಿಲ್ಲ ಅನ್ನೋದು ಸಣ್ಣ ವಿಷಯ ಅಲ್ಲ. ಕಾವಲಿನವನು ಮಾತಾಡೋದನ್ನೇ ನಿಲ್ಲಿಸಿದ ಹಾಗೆ.

ತನಿಖೆ ಎಲ್ಲಿಂದ ಶುರು ಮಾಡೋದು? ಹೊರಗಿಂದ ಒಳಗೆ. ಇಂಟರ್‌ಫೆರಾನ್ ಗಾಮಾ ಬಂದು ಕೋಶದ ಹೊರಗಿರೋ ತನ್ನ ರಿಸೆಪ್ಟರ್‌ಗೆ, ಅಂದ್ರೆ ಸಿಗ್ನಲ್ ಹಿಡಿಯೋ ಪ್ರೊಟೀನಿಗೆ ಕೂರತ್ತೆ, ಆಗ ಒಳಗಡೆ ಸ್ಟಾಟ್-1 ಅನ್ನೋ ಒಂದು ಪ್ರೊಟೀನಿಗೆ ಫಾಸ್ಫೇಟ್ ಅಂಟತ್ತೆ, ಅದು ಸುದ್ದಿ ತಗೊಂಡು ನ್ಯೂಕ್ಲಿಯಸ್ಸಿಗೆ ಓಡತ್ತೆ, ಅಲ್ಲಿ ಸಿ2ಟಿಎ ಅನ್ನೋ ಜೀನನ್ನ ಆನ್ ಮಾಡತ್ತೆ, ಸಿ2ಟಿಎ ಮೇಸ್ತ್ರಿ ಇದ್ದ ಹಾಗೆ, ಅವನು ಬಂದ್ರೆ ಮಾತ್ರ ಎಂಎಚ್‌ಸಿ-2 ಕಟ್ಟೋ ಕೆಲಸ ಎಲ್ಲಾ ನಡೆಯೋದು. ಈ ಸಾಲಲ್ಲಿ ಎಲ್ಲಾದ್ರೂ ಕಡಿದಿರ್ಬೇಕು. ಎಲ್ಲರ ಮೊದಲ ಗುಮಾನಿ ರಿಸೆಪ್ಟರ್ ಮೇಲೆ ಅಥವಾ ಸ್ಟಾಟ್-1 ಮೇಲೆ, ಎಷ್ಟೋ ವೈರಸ್‌ಗಳು ಕತ್ತರಿ ಹಾಕೋದು ಅಲ್ಲೇ. ಆದ್ರೆ 1999ರ ಹೊತ್ತಿಗೇ ಗೊತ್ತಾಗಿದ್ದು ಏನಂದ್ರೆ, ಟಿಬಿ ಸೋಂಕಾದ ಮ್ಯಾಕ್ರೊಫೇಜ್‌ನಲ್ಲಿ ಸ್ಟಾಟ್-1 ಸರಿಯಾಗೇ ಎದ್ದಿರತ್ತೆ, ಫಾಸ್ಫೇಟ್ ಅಂಟಿರತ್ತೆ, ಡಿಎನ್‌ಎಗೆ ಕೂರೋಕೂ ರೆಡಿ ಇರತ್ತೆ. ಅಂದ್ರೆ ಟಪಾಲು ಮನೆ ಬಾಗಿಲಿಗೆ ಬಂದಿದೆ, ಒಳಗೂ ಹೋಗಿದೆ, ಓದೋರು ಓದ್ತಿಲ್ಲ.

ಹಾಗಾದ್ರೆ ತಡೆ ಇರೋದು ಡಿಎನ್‌ಎ ಹತ್ರಾನೇ. ನಮ್ಮ ಡಿಎನ್‌ಎ ಹಿಸ್ಟೋನ್ ಅನ್ನೋ ಉಂಡೆಗಳಿಗೆ ನೂಲು ಸುತ್ತಿದ ಹಾಗೆ ಸುತ್ಕೊಂಡಿರತ್ತೆ, ಒಂದು ಜೀನ್ ಓದ್ಬೇಕು ಅಂದ್ರೆ ಆ ಜಾಗದ ಸುತ್ತು ಸಡಿಲ ಆಗ್ಬೇಕು, ಹಿಸ್ಟೋನ್‌ಗೆ ಅಸಿಟೈಲ್ ಗುಂಪುಗಳು ಅಂಟಿ ಬಿಗಿ ಬಿಡ್ಬೇಕು. ಇಂಟರ್‌ಫೆರಾನ್ ಗಾಮಾ ಬಂದಾಗ ಸಿ2ಟಿಎ ಜೀನಿನ ಶುರುವಲ್ಲಿ ಆಗೋದು ಇದೇ. ನಮ್ಮ ಪೇಷಂಟಲ್ಲಿ ಅದು ಆಗ್ತಿಲ್ಲ. ಸ್ಟಾಟ್-1 ಬಂದು ನಿಂತಿದೆ, ನೂಲು ಬಿಚ್ಚಿಲ್ಲ.

ಇದನ್ನ ಮಾಡಿದ್ದು ಯಾರು? ಇಲ್ಲಿ ಬರ್ತಾನೆ ನಮ್ಮ ಕೇಸಿನ ಮುಖ್ಯ ಆರೋಪಿ. ಹೆಸರು ಎಲ್‌ಪಿಕ್ಯೂಹೆಚ್, ಹಳೆ ಪೇಪರ್‌ಗಳಲ್ಲಿ 19 ಕಿಲೊಡಾಲ್ಟನ್ ಲಿಪೊಪ್ರೊಟೀನ್ ಅಂತಾನೇ ಕರೀತಾರೆ. ಟಿಬಿ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್ 1998ರಲ್ಲಿ ಓದಿ ಮುಗಿಸಿದ್ರು, 44 ಲಕ್ಷ ಅಕ್ಷರ, ಸುಮಾರು 4000 ಜೀನು, ಅದರಲ್ಲಿ ನೂರರ ಹತ್ತಿರ ಲಿಪೊಪ್ರೊಟೀನ್‌ಗಳ ಜೀನು. ಅವುಗಳಲ್ಲಿ ಒಂದು ಇದು. ಲಿಪೊಪ್ರೊಟೀನ್ ಅಂದ್ರೆ ಕೊಬ್ಬಿನ ಬಾಲ ಇರೋ ಪ್ರೊಟೀನು. ಪ್ರೊಟೀನಿನ ಒಂದು ತುದಿಯಲ್ಲಿ ಸಿಸ್ಟೀನ್ ಅನ್ನೋ ಅಮೈನೊ ಆಸಿಡ್ ಇರತ್ತೆ, ಅದಕ್ಕೆ ಬ್ಯಾಕ್ಟೀರಿಯಾ ಮೂರು ಕೊಬ್ಬಿನ ಎಳೆ ಕಟ್ಟತ್ತೆ. ಆ ಎಳೆಗಳು ಬ್ಯಾಕ್ಟೀರಿಯಾದ ಹೊದಿಕೆಯೊಳಗೆ ಬೇರಿನ ಹಾಗೆ ಇಳಿದಿರ್ತವೆ, ಪ್ರೊಟೀನು ಹೊರಮುಖವಾಗಿ ನಿಂತಿರತ್ತೆ, ಅದರ ಮೈಮೇಲೆ ಮ್ಯಾನೋಸ್ ಸಕ್ಕರೆಯ ಅಲಂಕಾರ ಬೇರೆ.

ಆ ಮೂರು ಎಳೆಯನ್ನ ಸ್ವಲ್ಪ ಹತ್ತಿರದಿಂದ ನೋಡ್ಬೇಕು. ನಮ್ಮ ಮ್ಯಾಕ್ರೊಫೇಜ್ ಮೈಮೇಲೆ ಟಿಎಲ್‌ಆರ್-2 ಅನ್ನೋ ರಿಸೆಪ್ಟರ್ ಇದೆ, ಕುದುರೆ ಲಾಳದ ಥರ ಬಾಗಿರೋದು, ಅದು ಯಾವಾಗ್ಲೂ ಜೋಡಿಯಾಗೇ ಕೆಲಸ ಮಾಡೋದು, ಒಂದೋ ಟಿಎಲ್‌ಆರ್-1 ಜೊತೆ, ಇಲ್ಲ ಟಿಎಲ್‌ಆರ್-6 ಜೊತೆ. 2007ರಲ್ಲಿ ಮೂರು ಎಳೆಯ ಒಂದು ಕೃತಕ ಲಿಪೊಪೆಪ್ಟೈಡ್ ಇದಕ್ಕೆ ಕೂತಿರೋ ಕ್ರಿಸ್ಟಲ್ ರಚನೆ ಸಿಕ್ತು. ಎರಡು ಎಳೆ ಟಿಎಲ್‌ಆರ್-2ರ ಜೇಬಿನೊಳಗೆ ಇಳಿದಿದೆ, ಮೂರನೇದು ಪಕ್ಕದ ಟಿಎಲ್‌ಆರ್-1ರ ಕಾಲುವೆಯೊಳಗೆ ಹೋಗಿದೆ, ಹಾಗಾಗಿ ಎರಡೂ ರಿಸೆಪ್ಟರ್‌ಗಳು ಒಂದನ್ನೊಂದು ಎಳ್ಕೊಂಡು ಹತ್ರ ಬಂದು ಅಂಟಿವೆ. ಎರಡು ಬಾಗಿಲನ್ನ ಸೇರಿಸಿ ಹಾಕೋ ಚಿಲಕದ ಹಾಗೆ. ಆ ಚಿತ್ರ ನೋಡಿದಾಗ ನಂಗೆ ಅನಿಸಿದ್ದು, ಇದಕ್ಕಿಂತ ಸ್ಪಷ್ಟವಾಗಿ ಒಂದು ಕೋಶ ಇನ್ನೊಂದು ಜೀವಿಯನ್ನ ಮುಟ್ಟಿ ಗುರುತಿಸೋದು ಸಾಧ್ಯಾನೇ ಇಲ್ಲ ಅಂತ.

ಸರಿ, ಗುರುತಿಸ್ತು, ಅಂದ್ಮೇಲೆ ಒಳ್ಳೇದೇ ಆಗ್ಬೇಕಲ್ವಾ? ಹೌದು, ಮೊದಮೊದಲು ಒಳ್ಳೇದೇ ಆಗತ್ತೆ. 1999ರಲ್ಲಿ ರಾಬರ್ಟ್ ಮಾಡ್ಲಿನ್ ತಂಡ ತೋರಿಸಿದ್ದು ಇದನ್ನೇ, ಇದೇ 19 ಕಿಲೊಡಾಲ್ಟನ್ ಪ್ರೊಟೀನು ತಾಗಿದ್ರೆ ಮನುಷ್ಯನ ಕೋಶಗಳು ಟಿಎಲ್‌ಆರ್ ಮೂಲಕ ಐಎಲ್-12 ಸುರಿಸ್ತವೆ, ಅದು ಟಿ ಸೆಲ್‌ಗಳನ್ನ ಎಬ್ಬಿಸೋ ಸಿಗ್ನಲ್ಲು. 2001ರಲ್ಲಿ ಇನ್ನೂ ಮುಂದಕ್ಕೆ, ಟಿಎಲ್‌ಆರ್-2 ಎದ್ದರೆ ಮ್ಯಾಕ್ರೊಫೇಜ್ ಒಳಗಿರೋ ಟಿಬಿ ಬ್ಯಾಕ್ಟೀರಿಯಾ ಸಾಯತ್ತೆ ಅಂತಾನೂ ಬಂತು. ಓದಿದವರಿಗೆಲ್ಲ ಖುಷಿ, ನಮ್ಮ ದೇಹಕ್ಕೆ ಇದು ಕಾಣ್ತಿದೆ, ಹೋರಾಡ್ತಿದೆ.

ಅದೇ 2001ರಲ್ಲಿ ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ಯೂನಿವರ್ಸಿಟಿಯ ಕ್ಲಿಫರ್ಡ್ ಹಾರ್ಡಿಂಗ್ ಮತ್ತು ಹೆನ್ರಿ ಬೂಮ್ ಅವರ ತಂಡದಿಂದ ಇನ್ನೊಂದು ಪೇಪರ್ ಬಂತು. ಅವರು ಮೊದಲು ಟಿಬಿ ಬ್ಯಾಕ್ಟೀರಿಯಾನ ಒಡೆದು, ಬಂದ ರಸವನ್ನ ಭಾಗ ಭಾಗ ಮಾಡಿ, ಯಾವ ಭಾಗ ಹಾಕಿದ್ರೆ ಮ್ಯಾಕ್ರೊಫೇಜ್ ಟಿ ಸೆಲ್‌ಗೆ ತೋರಿಸೋದನ್ನ ನಿಲ್ಲಿಸತ್ತೆ ಅಂತ ಹುಡುಕ್ತಾ ಹೋದ್ರು. ಹುಡುಕಿ ಹುಡುಕಿ ಕೊನೆಗೆ ಕೈಗೆ ಸಿಕ್ಕಿದ್ದು ಇದೇ 19 ಕಿಲೊಡಾಲ್ಟನ್ ಲಿಪೊಪ್ರೊಟೀನು. ಬದುಕಿರೋ ಬ್ಯಾಕ್ಟೀರಿಯಾ ಬೇಕಾಗೇ ಇರ್ಲಿಲ್ಲ, ಈ ಒಂದು ಪ್ರೊಟೀನು ಸಾಕಾಯ್ತು. ಲ್ಯಾಬಿನ ತಟ್ಟೆಗೆ ಅಂಟ್ಕೊಂಡಿರೋ ಇಲಿ ಮ್ಯಾಕ್ರೊಫೇಜ್‌ಗಳಿಗೆ ಇದನ್ನ ಹಾಕಿ ಬಿಟ್ರೆ, ಇಂಟರ್‌ಫೆರಾನ್ ಗಾಮಾ ಇದ್ರೂ ಎಂಎಚ್‌ಸಿ-2 ಏರ್ಬೇಕಾದಷ್ಟು ಏರಲ್ಲ, ಆಂಟಿಜೆನ್, ಅಂದ್ರೆ ಕ್ರಿಮಿಯ ಚೂರು ತೋರಿಸೋದೂ ಕುಸಿಯತ್ತೆ. ಟಿಎಲ್‌ಆರ್-2 ಜೀನ್ ತೆಗೆದ ಇಲಿಗಳ ಮ್ಯಾಕ್ರೊಫೇಜ್‌ಗೆ ಅದನ್ನೇ ಹಾಕಿದ್ರೆ ಆ ಕುಸಿತ ಕಾಣಲ್ಲ. ಅಂದ್ರೆ ಮಲಗಿಸೋ ಕೆಲಸಾನೂ ಅದೇ ರಿಸೆಪ್ಟರ್ ಮೂಲಕಾನೇ ಆಗ್ತಿದೆ, ಎಬ್ಬಿಸೋ ರಿಸೆಪ್ಟರ್ ಮೂಲಕ! 2003ರಲ್ಲಿ ಮನುಷ್ಯನ ಮ್ಯಾಕ್ರೊಫೇಜ್‌ನಲ್ಲೂ ಇದೇ ಕಂಡ್ತು. ಆಮೇಲಿನ ವರ್ಷಗಳಲ್ಲಿ ಅವರೇ ದಾರಿಯನ್ನ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದ್ರು, ಟಿಎಲ್‌ಆರ್-2ರಿಂದ ಮ್ಯಾಪ್ ಕೈನೇಸ್ ಅನ್ನೋ ಸುದ್ದಿ ಸಾಗಿಸೋ ಎಂಜೈಮ್‌ಗಳು, ಅಲ್ಲಿಂದ ಸಿ/ಇಬಿಪಿ ಅನ್ನೋ ಪ್ರೊಟೀನುಗಳು ಸಿ2ಟಿಎ ಜೀನಿನ ಬಾಗಿಲಲ್ಲಿ ಬಂದು ಕೂರೋದು, ಹಿಸ್ಟೋನ್ ಸಡಿಲ ಆಗದೇ ಇರೋದು. ಮೇಲೆ ಹೇಳಿದ ಬಿಚ್ಚದ ನೂಲು ಇದೇ.

ಇದನ್ನೇ ನಾನು ನಮ್ಮ ಬೆರಳಿಂದ ನಮ್ಮ ಕಣ್ಣಿಗೇ ತಿವಿಯೋದು ಅನ್ನೋದು. ಇಲ್ಲಿ ಬ್ಯಾಕ್ಟೀರಿಯಾ ಏನನ್ನೂ ಕತ್ತರಿಸಿಲ್ಲ, ಯಾವ ವಿಷಾನೂ ಸುರಿದಿಲ್ಲ. ಕಾಲಿಂಗ್ ಬೆಲ್ ಮೇಲೆ ಕೈ ಇಟ್ಟು, ತೆಗೀದೇ ಒತ್ತಿ ಹಿಡ್ಕೊಂಡಿದೆ ಅಷ್ಟೇ. ಬೆಲ್ ಬಡಿದಾಗ ಮ್ಯಾಕ್ರೊಫೇಜ್ ಎದ್ದು ಬಡಿದಾಟಕ್ಕೆ ನಿಲ್ಲತ್ತೆ, ಗಂಟೆಗಟ್ಟಲೆ ಅದೇ ಬೆಲ್ಲು ಬಡೀತಾನೇ ಇದ್ರೆ ಕೋಶದೊಳಗಿನ ಬ್ರೇಕುಗಳು ಬೀಳೋಕೆ ಶುರುವಾಗ್ತವೆ. ಆ ಬ್ರೇಕು ನಮ್ಮ ದೇಹದ್ದೇ, ಮತ್ತೆ ಅದು ಇರ್ಲೇಬೇಕು. ಶ್ವಾಸಕೋಶದಂಥ ನಾಜೂಕಾದ ಜಾಗದಲ್ಲಿ ಉರಿಯೂತ ನಿಲ್ಲದೇ ಹೋದ್ರೆ ಕ್ರಿಮಿಗಿಂತ ಮೊದಲು ನಮ್ಮ ಅಂಗಾಂಶಾನೇ ಸುಟ್ಟುಹೋಗತ್ತೆ. ಸಾಮಾನ್ಯ ಬ್ಯಾಕ್ಟೀರಿಯಾ ಬಂದ್ರೆ ಬ್ರೇಕ್ ಬೀಳೋ ಹೊತ್ತಿಗೆ ಕ್ರಿಮಿ ಸತ್ತಿರತ್ತೆ, ಸಮಸ್ಯೆ ಇಲ್ಲ. ಟಿಬಿ ಬ್ಯಾಕ್ಟೀರಿಯಾ ಸಾಯದೇ, ಓಡಿಹೋಗದೇ, ದಿನಕ್ಕೆ ಒಂದು ಎರಡಾಗೋ ನಿಧಾನದಲ್ಲಿ ಕೂತೇ ಇರತ್ತೆ, ಹಾಗಾಗಿ ಟಿ ಸೆಲ್‌ಗಳು ದಮ್ಮುಕಟ್ಟಿ ಬಂದು ಮುಟ್ಟೋ ಹೊತ್ತಿಗೆ ಸರಿಯಾಗಿ ಬ್ರೇಕ್ ಬಿದ್ದಿರತ್ತೆ. ಮಾಡ್ಲಿನ್ ತಂಡದ 1999ರ ಪೇಪರ್ರೂ ಹಾರ್ಡಿಂಗ್-ಬೂಮ್ ತಂಡದ 2001ರ ಪೇಪರ್ರೂ ಒಂದಕ್ಕೊಂದು ಜಗಳ ಆಡ್ತಿಲ್ಲ, ಒಂದು ಬೆಲ್ಲಿನ ಮೊದಲ ಗಂಟೆಗಳನ್ನ ನೋಡಿದೆ, ಇನ್ನೊಂದು ಆಮೇಲಿನದ್ದನ್ನ.

ಇಲ್ಲಿ ಒಂದು ಪ್ರಶ್ನೆ ಬರತ್ತೆ, ಮೊದಲ ಗಂಟೆಗಳಲ್ಲಿ ಬೆಲ್ ಬಡಿದ್ರೆ ಬ್ಯಾಕ್ಟೀರಿಯಾಗೂ ಅಪಾಯ ಅಲ್ವಾ? ಅಪಾಯಾನೇ, ಅದಕ್ಕೂ ಅದರ ಹತ್ರ ಉಪಾಯ ಇದೆ. 2014ರಲ್ಲಿ ಜೀಬ್ರಾಫಿಶ್ ಮರಿಗಳಲ್ಲಿ, ಟಿಬಿಯ ಹತ್ತಿರದ ನೆಂಟ ಆಗಿರೋ ಮೈಕೊಬ್ಯಾಕ್ಟೀರಿಯಂ ಮರೀನಮ್ ಇಟ್ಕೊಂಡು ಮಾಡಿದ ಕೆಲಸ ಇದನ್ನ ತೋರಿಸ್ತು. ಪಿಡಿಐಎಂ ಅನ್ನೋ ಒಂದು ಮೇಣದಂಥ ಲಿಪಿಡ್ಡು ಬ್ಯಾಕ್ಟೀರಿಯಾ ಮೈಮೇಲೆ ಹೊದಿಕೆಯಾಗಿ ನಿಂತು, ಟಿಎಲ್‌ಆರ್‌ಗಳಿಗೆ ಕಾಣೋ ಭಾಗಗಳನ್ನ ಮರೆ ಮಾಡತ್ತೆ, ಹಾಗಾಗಿ ಮೊದಲಲ್ಲಿ ಕೊಲ್ಲೋ ಶಕ್ತಿ ಇರೋ ಮ್ಯಾಕ್ರೊಫೇಜ್‌ಗಳು ಗುಂಪುಕಟ್ಟಿ ಬರಲ್ಲ. ಆ ಲಿಪಿಡ್ ಇಲ್ಲದ ಬ್ಯಾಕ್ಟೀರಿಯಾ ಬಿಟ್ರೆ ಅವು ಬರ್ತವೆ, ಬಂದು ಕೊಲ್ತವೆ. ಎರಡನ್ನೂ ಸೇರಿಸಿ ನಾನು ಓದ್ಕೊಳ್ಳೋದು ಹೀಗೆ, ಒಳಗೆ ನುಗ್ಗೋವಾಗ ಮುಸುಕು, ಸೇರ್ಕೊಂಡ ಮೇಲೆ ಬೆಲ್ಲು. ಇದು ನನ್ನ ಜೋಡಣೆ, ಒಂದೇ ಪ್ರಯೋಗದಲ್ಲಿ ಯಾರೂ ಹೀಗೆ ಉದ್ದಕ್ಕೂ ತೋರಿಸಿದ್ದು ಅಂತ ತಿಳ್ಕೋಬೇಡಿ.

ಎಲ್‌ಪಿಕ್ಯೂಹೆಚ್ ಒಂಟಿ ಆರೋಪಿ ಅಲ್ಲ ಅನ್ನೋದನ್ನೂ ಹೇಳ್ಬೇಕು. ಎಲ್‌ಪಿಆರ್‌ಜಿ ಅನ್ನೋ ಇನ್ನೊಂದು ಲಿಪೊಪ್ರೊಟೀನು ಟಿಎಲ್‌ಆರ್-2 ಹಿಡ್ಕೊಂಡು ಇದೇ ಕೆಲಸ ಮಾಡತ್ತೆ. ಪಿಇ ಮತ್ತು ಪಿಪಿಇ ಅಂತ ಎರಡು ದೊಡ್ಡ ಪ್ರೊಟೀನ್ ಕುಟುಂಬಗಳಿವೆ, ಜೀನೋಮಿನ ಪ್ರೊಟೀನ್ ಬರೆಯೋ ಭಾಗದಲ್ಲಿ ಸುಮಾರು ಹತ್ತನೇ ಒಂದು ಭಾಗ ಅವಕ್ಕೇ ಮೀಸಲು, ಇಷ್ಟು ನಿಧಾನವಾಗಿ ಬೆಳೆಯೋ ಜೀವಿ ಇಷ್ಟು ದೊಡ್ಡ ಪಾಲು ಖರ್ಚು ಮಾಡತ್ತೆ ಅಂದ್ರೆ ಸುಮ್ಮನೆ ಇರಲ್ಲ. ಅದರಲ್ಲಿ ಪಿಇ-ಪಿಜಿಆರ್‌ಎಸ್33 ಬ್ಯಾಕ್ಟೀರಿಯಾದ ಮೇಲ್ಮೈ ಮೇಲಿದ್ದು ಟಿಎಲ್‌ಆರ್-2ನೇ ಹಿಡ್ಕೊಂಡು ಮ್ಯಾಕ್ರೊಫೇಜ್ ಒಳಗೆ ಹೋಗೋಕೆ ಸಹಾಯ ಮಾಡತ್ತೆ. ಪಿಪಿಇ18 ಅನ್ನೋದರ ಮೇಲೆ ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯ ಸಂಗೀತಾ ಮುಖೋಪಾಧ್ಯಾಯ ಅವರ ತಂಡ ಚೆನ್ನಾಗಿ ಕೆಲಸ ಮಾಡಿದೆ, 2009ರಲ್ಲಿ ಅವರು ತೋರಿಸಿದ್ದು ಏನಂದ್ರೆ ಪಿಪಿಇ18 ಕೂಡ ಟಿಎಲ್‌ಆರ್-2ಕ್ಕೇ ಅಂಟತ್ತೆ, ಆದ್ರೆ ಅದರಿಂದ ಮ್ಯಾಕ್ರೊಫೇಜ್ ಐಎಲ್-10 ಬಿಡತ್ತೆ, ಅಂದ್ರೆ ತಣ್ಣಗೆ ಮಾಡೋ ಸಿಗ್ನಲ್ಲು. ಒಂದೇ ಬಾಗಿಲು, ತಟ್ಟೋ ಕೈ ಬೇರೆ, ಒಳಗಿಂದ ಬರೋ ಉತ್ತರಾನೂ ಬೇರೆ. ಟಿಎಲ್‌ಆರ್-2 ಬರೀ ಆನ್ ಆಫ್ ಸ್ವಿಚ್ ಅಂದ್ಕೊಂಡಿದ್ದ ನಂಗೆ ಇಲ್ಲಿ ತಿಳುವಳಿಕೆ ಬದಲಾಗಿದ್ದು.

ಈಗ ಕೇಸಿನ ವಿರುದ್ಧದ ಸಾಕ್ಷಿ, ಇದನ್ನ ಮುಚ್ಚಿಟ್ರೆ ಬರೆದಿದ್ದಕ್ಕೆ ಅರ್ಥಾನೇ ಇಲ್ಲ. ಟಿಎಲ್‌ಆರ್-2 ಮೂಲಕಾನೇ ಬ್ಯಾಕ್ಟೀರಿಯಾ ನಮ್ಮನ್ನ ಮೋಸ ಮಾಡ್ತಿದೆ ಅಂದ್ರೆ, ಟಿಎಲ್‌ಆರ್-2 ಇಲ್ಲದ ಇಲಿಗಳು ಟಿಬಿನ ಇನ್ನೂ ಚೆನ್ನಾಗಿ ಎದುರಿಸ್ಬೇಕಿತ್ತು. ಹಾಗಾಗಲ್ಲ. ಕಮ್ಮಿ ಡೋಸ್ ಕೊಟ್ರೆ ಅವು ಮಾಮೂಲಿ ಇಲಿಗಳ ಥರಾನೇ ತಡ್ಕೊಳ್ತವೆ, ಡೋಸ್ ಜಾಸ್ತಿ ಮಾಡಿದ್ರೆ ಅವುಗಳ ಸ್ಥಿತಿ ಇನ್ನೂ ಹದಗೆಡತ್ತೆ. ಬೆಲ್ಲನ್ನೇ ಕಿತ್ತು ಹಾಕಿದ್ರೆ ಕಳ್ಳ ಒತ್ತಿ ಹಿಡಿಯೋದು ತಪ್ಪತ್ತೆ, ಆದ್ರೆ ಕಳ್ಳ ಬಂದಿದ್ದೂ ಗೊತ್ತಾಗಲ್ಲ ಅನ್ನೋದು ಒಂದು ವಿವರಣೆ. ಇನ್ನೊಂದು ಏಟು ಇದಕ್ಕಿಂತ ಗಟ್ಟಿ, 2007ರಲ್ಲಿ ಜೋಯಲ್ ಅರ್ನ್ಸ್ಟ್ ತಂಡ ತಟ್ಟೆ ಬಿಟ್ಟು ಬದುಕಿರೋ ಇಲಿಯೊಳಗೇ ನೋಡಿದಾಗ, ಸೋಂಕಾದ ಕೋಶಗಳಲ್ಲಿ ಎಂಎಚ್‌ಸಿ-2 ಮೇಲೆ ಬ್ಯಾಕ್ಟೀರಿಯಾ ನಡೆಸೋ ಕೈವಾಡ ಟಿಎಲ್‌ಆರ್-2 ಇದ್ರೂ ನಡೀತಿತ್ತು, ಇಲ್ಲದಿದ್ರೂ ನಡೀತಿತ್ತು. ಟಿಎಲ್‌ಆರ್-2ದ್ದು ಒಂದು ದಾರಿ, ಅದಕ್ಕೆ ಸರಿಸಮವಾಗಿ ಬೇರೆ ದಾರಿಗಳೂ ಇವೆ ಅಂತಾಯ್ತು. ಬ್ಯಾಕ್ಟೀರಿಯಾ ಒಂದೇ ಬೀಗದ ಮೇಲೆ ನಂಬಿಕೆ ಇಟ್ಟಿಲ್ಲ. ಹಾಗಾಗಿ ನಮ್ಮ ಪೇಷಂಟ್ ವಿಷಯದಲ್ಲಿ ನನ್ನ ಡಯಾಗ್ನೋಸಿಸ್ ಹೀಗೆ ಬರೀತೀನಿ, ಎಲ್‌ಪಿಕ್ಯೂಹೆಚ್ ಕೈವಾಡ ಖಚಿತ, ಅದೊಂದರದ್ದೇ ಕೈವಾಡ ಅನ್ನೋದು ತಪ್ಪು.

ಈ ಕೇಸು ಕೋಶದ ಹೊರಗೆ ಯಾಕೆ ಮುಖ್ಯ ಆಗತ್ತೆ ಅಂದ್ರೆ ಲಸಿಕೆ ವಿಷಯಕ್ಕೆ. 2023 ಒಂದೇ ವರ್ಷದಲ್ಲಿ ಜಗತ್ತಲ್ಲಿ 1 ಕೋಟಿ 8 ಲಕ್ಷ ಜನಕ್ಕೆ ಟಿಬಿ ಬಂತು, ಹನ್ನೆರಡೂವರೆ ಲಕ್ಷ ಜನ ಸತ್ರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ, ನಮ್ಮ ಕೈಯಲ್ಲಿರೋದು ನೂರು ವರ್ಷ ಹಳೆಯ ಬಿಸಿಜಿ. ಇಮ್ಯುನಿಟಿನ ಜೋರಾಗಿ ಎಬ್ಬಿಸೋ ಪ್ರೊಟೀನ್ ಯಾವುದು ಅಂತ ಹುಡುಕಿ ಅದನ್ನೇ ಲಸಿಕೆ ಮಾಡಿದ್ರಾಯ್ತು ಅಂತ ಮೊದಮೊದಲು ಎಲ್ಲರಿಗೂ ಅನಿಸೋದು ಸಹಜ, 19 ಕಿಲೊಡಾಲ್ಟನ್ ಪ್ರೊಟೀನು ಆಂಟಿಬಾಡಿಯನ್ನೂ ಟಿ ಸೆಲ್‌ನೂ ಚೆನ್ನಾಗೇ ಎಬ್ಬಿಸತ್ತೆ, ಲೆಕ್ಕದ ಪ್ರಕಾರ ಅದೇ ಮೊದಲ ಸಾಲಲ್ಲಿ ನಿಲ್ಬೇಕು. ಆದ್ರೆ ಇಲಿಗಳಿಗೆ ಸ್ವಲ್ಪ ಮಟ್ಟಿಗೆ ರಕ್ಷಣೆ ಕೊಡ್ತಿದ್ದ ಮೈಕೊಬ್ಯಾಕ್ಟೀರಿಯಂ ವ್ಯಾಕೇ ಅನ್ನೋ ನಿರುಪದ್ರವಿ ಬ್ಯಾಕ್ಟೀರಿಯಾದೊಳಗೆ ಈ ಜೀನ್ ಹಾಕಿ ಕೊಟ್ಟಾಗ ಇದ್ದ ರಕ್ಷಣೇನೂ ಹೋಯ್ತು. ಎಬ್ಬಿಸೋದು ಬೇರೆ, ಕಾಪಾಡೋದು ಬೇರೆ.

ಅದರ ಪಕ್ಕದಲ್ಲೇ ಉಲ್ಟಾ ಉದಾಹರಣೆ ಇಡ್ಬೇಕು. ಎಂ72 ಅನ್ನೋ ಹೊಸ ಲಸಿಕೆಯೊಳಗೆ ಇರೋ ಎರಡು ಪ್ರೊಟೀನುಗಳಲ್ಲಿ ಒಂದು ಅದೇ ಪಿಪಿಇ18, ಐಎಲ್-10 ಬಿಡಿಸೋ ಆ ಪ್ರೊಟೀನೇ. ಕೀನ್ಯಾ, ದಕ್ಷಿಣ ಆಫ್ರಿಕಾ, ಜಾಂಬಿಯಾದಲ್ಲಿ ಆಗ್ಲೇ ಸೋಂಕಿರೋ ವಯಸ್ಕರ ಮೇಲೆ ನಡೆದ ಟ್ರಯಲ್ಲಿನ ಮೂರು ವರ್ಷದ ಫಲಿತಾಂಶ 2019ರಲ್ಲಿ ಬಂತು, ಶ್ವಾಸಕೋಶದ ಟಿಬಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. 2024ರಲ್ಲಿ ಮೂರನೇ ಹಂತ ಶುರುವಾಗಿದೆ. ಮೋಸ ಮಾಡೋ ಪ್ರೊಟೀನು ಲಸಿಕೆಯಲ್ಲಿ ಹೇಗೆ ಕೆಲಸ ಮಾಡತ್ತೆ? ನನ್ನ ತಿಳುವಳಿಕೆ ಮತ್ತೆ ಟೈಮಿನ ಕಡೆಗೇ ಹೋಗತ್ತೆ. ಲಸಿಕೆಯಲ್ಲಿ ಆ ಪ್ರೊಟೀನು ಬ್ಯಾಕ್ಟೀರಿಯಾ ಮೈಮೇಲೆ ಕೂತು ವಾರಗಟ್ಟಲೆ ಅದೇ ಕೋಶಕ್ಕೆ ತಾಗ್ತಾ ಇರಲ್ಲ, ಜೋರಾಗಿ ಎಚ್ಚರಿಸೋ ಒಂದು ಸಹಾಯಕ ಮದ್ದಿನ ಜೊತೆ ಬರತ್ತೆ, ಟಿ ಸೆಲ್‌ಗೆ ಮುಖ ಪರಿಚಯ ಮಾಡ್ಸತ್ತೆ, ಹೋಗತ್ತೆ. ಬೆಲ್ಲು ಒಂದ್ಸಲ ಬಡಿದು ಬಿಟ್ಟ ಹಾಗೆ.

ಇದೇ ಸಾಲಲ್ಲಿ ನನ್ನನ್ನ ತುಂಬಾ ಕಾಡಿದ್ದು 2010ರ ಒಂದು ಅಧ್ಯಯನ. ಜಗತ್ತಿನ ಬೇರೆ ಬೇರೆ ಕಡೆಯ 21 ಟಿಬಿ ತಳಿಗಳ ಜೀನೋಮ್ ಹೋಲಿಸಿ, ಮನುಷ್ಯನ ಟಿ ಸೆಲ್‌ಗಳು ಗುರುತಿಸೋ ಚೂರುಗಳು ಎಷ್ಟು ಬದಲಾಗಿವೆ ಅಂತ ನೋಡಿದ್ರು. ವೈರಸ್‌ಗಳಾದ್ರೆ ಈ ಜಾಗಗಳನ್ನೇ ಮೊದಲು ಬದಲಾಯಿಸಿ ತಪ್ಪಿಸ್ಕೊಳ್ತವೆ. ಟಿಬಿಯಲ್ಲಿ ಉಲ್ಟಾ, ಜೀನೋಮಿನಲ್ಲೇ ಅತಿ ಕಮ್ಮಿ ಬದಲಾದ ಭಾಗಗಳಲ್ಲಿ ಇವು ಸೇರಿದ್ವು. ಟಿ ಸೆಲ್‌ಗೆ ಗುರುತು ಸಿಗೋದ್ರಿಂದ ಈ ಬ್ಯಾಕ್ಟೀರಿಯಾಗೆ ನಷ್ಟ ಇಲ್ಲ, ಬಹುಶಃ ಲಾಭಾನೇ ಇದೆ ಅಂತ ಅಧ್ಯಯನ ಮಾಡಿದವರೇ ಸೂಚಿಸಿದ್ರು, ಯಾಕಂದ್ರೆ ಶ್ವಾಸಕೋಶ ಉರಿದು ಒಡೆದಾಗ್ಲೇ ಅಲ್ವಾ ಕೆಮ್ಮಿನ ಜೊತೆ ಅದು ಹೊರಗೆ ಬಂದು ಇನ್ನೊಬ್ಬರಿಗೆ ಹರಡೋದು. ಕಾಣಿಸ್ಕೊಳ್ಳೋದು ಅದಕ್ಕೆ ಬೇಕು, ಎಷ್ಟು ಹೊತ್ತು, ಯಾರಿಗೆ, ಯಾವಾಗ ಅನ್ನೋದನ್ನ ಮಾತ್ರ ತನ್ನ ಕೈಲಿಟ್ಕೊಂಡಿದೆ.

ಕೊನೆಗೆ ನಮ್ಮ ಪೇಷಂಟ್ ಕತೆ. ಮೂರು ವಾರ ಕಳೆದ ಆ ಮ್ಯಾಕ್ರೊಫೇಜ್ ಒಳಗೆ ಬ್ಯಾಕ್ಟೀರಿಯಾ ಸಂಖ್ಯೆ ಏರಿದೆ, ಟಿ ಸೆಲ್ ಬಂದು ಮುಟ್ಟಿ ನೋಡತ್ತೆ, ಹಿಡಿಕೆ ಮೇಲೆ ತೋರಿಸೋ ಚೂರು ಸಾಲಲ್ಲ, ಮುಂದಿನ ಕೋಶಕ್ಕೆ ಹೋಗತ್ತೆ. ಆದ್ರೆ ಮುಂದಿನ ಕೋಶ ಪೂರ್ತಿ ಸ್ವಚ್ಛ ಅಂತ ಹೇಳೋ ಹಾಗಿಲ್ಲ. 2011ರಲ್ಲಿ ಗೊತ್ತಾಗಿದ್ದು, ಮೈಕೊಬ್ಯಾಕ್ಟೀರಿಯಾ ತನ್ನ ಪೊರೆಯಿಂದ ಸಣ್ಣ ಸಣ್ಣ ಗುಳ್ಳೆಗಳನ್ನ ಕಿತ್ತು ಹೊರಗೆ ಬಿಡತ್ತೆ, ಆ ಗುಳ್ಳೆಗಳ ಮೈಮೇಲೆ ಎಲ್‌ಪಿಕ್ಯೂಹೆಚ್ ಮತ್ತು ಎಲ್‌ಪಿಆರ್‌ಜಿ ತುಂಬಿರ್ತವೆ. ಸೋಂಕಾದ ಮ್ಯಾಕ್ರೊಫೇಜ್‌ನಿಂದ ಆ ಗುಳ್ಳೆಗಳು ಆಚೆಗೂ ಹೋಗ್ತವೆ ಅಂತ ಆಮೇಲೆ ಕಂಡ್ತು. ಒಂದು ದಿನ ಈ ಕೋಶ ಒಡೆಯತ್ತೆ, ಕೆಂಪು ಕಡ್ಡಿಗಳು ಹೊರಗೆ ಚೆಲ್ಲತ್ತೆ, ಪಕ್ಕದ ಮ್ಯಾಕ್ರೊಫೇಜ್ ತನ್ನ ಕೆಲಸ ಅಂತ ಅವನ್ನ ನುಂಗೋಕೆ ಬರತ್ತೆ. ಅದರ ಟಿಎಲ್‌ಆರ್-2ರ ಜೇಬಲ್ಲಿ ಕೊಬ್ಬಿನ ಎಳೆಗಳು ಆಗ್ಲೇ ಇಳಿದು ಕೂತಿರಬಹುದು, ಬ್ಯಾಕ್ಟೀರಿಯಾ ಇನ್ನೂ ಬಂದು ಮುಟ್ಟೋಕೆ ಮುಂಚೇನೇ.